‘ಸ್ಟ್ರೆಸ್ ಫ್ರ್ಯಾಕ್ಚರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ದಿನವೂ ಓಟ, ಜಿಗಿತದ ಅಭ್ಯಾಸ ಮಾಡುವ ಹದಿಹರೆಯದವರಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ತೊಡೆಮೂಳೆಯ ಕತ್ತಿನಲ್ಲಿ, ಅಂದರೆ ಅದರ ಗುಂಡನೆಯ ತಲೆಯ ಕೆಳಗಿನ ಕಿರಿದಾದ ಭಾಗದಲ್ಲಿ, ಆಗುವ ಸ್ಟ್ರೆಸ್ ಫ್ರ್ಯಾಕ್ಚರ್ ಬಗ್ಗೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

‘ಒತ್ತಡದ ಮುರಿತ’ ಎಂದು ಬರೆದು ಒಬ್ಬ ಹುಡುಗಿಗೆ ಓದಲು ಕೊಟ್ಟೆ. “ಪರೀಕ್ಷೆ ಟೆನ್ಷನ್‌ಗೆ ಮೂಳೆನೂ ಮುರಿಯತ್ತಾ?” ಎಂದಳು. ಅವಳ ತಪ್ಪಲ್ಲ. ಒತ್ತಡ ಎಂದರೆ ಈಗ ಮನಸ್ಸಿನದೇ. ‘ಮುರಿತ’ವೂ ಸರಿಹೋಗುತ್ತಿಲ್ಲ. ಅದು ಬಿದ್ದಾಗ ಲಟಕ್ಕನೆ ಆಗುವುದು. ಇದು ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಲೇ ಇದ್ದರೆ ಸೀಳು ಬಿಡುತ್ತದಲ್ಲ, ಹಾಗೆ. ಮೂಳೆ ತನ್ನನ್ನು ಸರಿಮಾಡಿಕೊಳ್ಳುವುದಕ್ಕಿಂತ ಬೇಗ ಸವೆದಾಗ ಬರುವಂಥದ್ದು. ‘ಕೂದಲೆಳೆ ಬಿರುಕು’ ಚೆಂದವಾಗಿದೆ, ಆದರೆ ಕಾರಣ ಹೇಳುವುದಿಲ್ಲ. ನನಗೆ ‘ದಣಿವಿನ ಬಿರುಕು’ ಹಿಡಿಸಿದೆ.

ಸ್ಕ್ಯಾನ್ ಭಾಗಕ್ಕೆ ಬಂದಾಗ ಇನ್ನೊಂದು ತೊಡಕು. ಶುರುವಿನಲ್ಲಿ ಎಕ್ಸ್-ರೇಯಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಎಂಆರ್‌ಐಯಲ್ಲಿ, ನೀರನ್ನು ಎತ್ತಿ ತೋರಿಸುವ ಚಿತ್ರಗಳಲ್ಲಿ, ಮಜ್ಜೆ ಊದಿದ ಜಾಗ ಬೆಳ್ಳಗೆ ಕಾಣುತ್ತದೆ. ಆ ಬಿಳುಪಿನೊಳಗೆ ಕಪ್ಪು ಗೆರೆ ಇದ್ದರೆ ಬಿರುಕು. ಗೆರೆಯಿಲ್ಲದೆ ಬರೀ ಬಿಳುಪಿದ್ದರೆ ‘ಸ್ಟ್ರೆಸ್ ರಿಯಾಕ್ಷನ್’, ಬಿರುಕು ಬಿಡುವ ಮುಂಚಿನ ಹಂತ. ಇದನ್ನು ‘ಮೂಳೆದಣಿವು’ ಎನ್ನಬಹುದಾ? ಎರಡೂ ಪದ ಒಂದೇ ಬೇರಿನಿಂದ ಬಂದಂತಾಗುತ್ತದೆ. ಅಳುಕೇನೆಂದರೆ, ದಣಿವು ತಾನೇ, ಒಂದು ರಾತ್ರಿ ಮಲಗಿದರೆ ಹೋಗುತ್ತದೆ ಎಂದು ಮಕ್ಕಳು ಮತ್ತೆ ಓಡಿದರೆ?

ಎರಡನೆಯ ಪದ ‘ಹಿಪ್’, ತೊಡೆಮೂಳೆ ಮೈಗೆ ಸೇರುವ ಕೀಲು. ‘ಸೊಂಟ’ ಎಂದರೆ ಕೈ ಬೆಲ್ಟಿನ ಜಾಗಕ್ಕೆ, ಬೆನ್ನ ಕೆಳಕ್ಕೆ ಹೋಗುತ್ತದೆ. ‘ಟೊಂಕ’ ಎಂದರೂ ಅಷ್ಟೇ. ಈ ಬಿರುಕಿನ ನೋವು ಬರುವುದು ಹೆಚ್ಚಾಗಿ ಮುಂದೆ, ತೊಡೆಸಂದಿನಲ್ಲಿ. ಸೊಂಟನೋವು ಎಂದು ಹೇಳಿಕೊಂಡರೆ ಬೆನ್ನಿನ ಚಿತ್ರ ತೆಗೆಸಿ ಸುಮ್ನೆ ದಿನ ಕಳೆಯುವ ಸಂಭವವಿದೆ. ಇಲ್ಲಿ ದಿನ ಕಳೆಯುವಂತಿಲ್ಲ. ತೊಡೆಮೂಳೆಯ ಕತ್ತಿನ ಕೆಳಬದಿಯ ಬಿರುಕು ಸಾಮಾನ್ಯವಾಗಿ ಕಾಲಿಗೆ ಭಾರ ಹಾಕದೆ, ಊರುಗೋಲು ಹಿಡಿದರೆ ವಾಸಿಯಾಗುತ್ತದೆ. ಮೇಲ್ಬದಿಯದು ಬಾಯಿಬಿಟ್ಟು ಜರುಗಬಹುದು. ಅದಕ್ಕೆ ಹೆಚ್ಚಾಗಿ ಸ್ಕ್ರೂ ಹಾಕಬೇಕಾಗುತ್ತದೆ. ಜರುಗಿದರೆ ತೊಡೆಮೂಳೆಯ ತಲೆಗೆ ರಕ್ತ ಹೋಗುವುದೂ ನಿಲ್ಲಬಹುದು.

ಸದ್ಯಕ್ಕೆ ‘ತೊಡೆಬುಡದ ಕೀಲು’ ಎಂದು ಬರೆದಿದ್ದೇನೆ. ತೊಡೆ ಮೈಗೆ ಸೇರುವ ಆ ಜಾಗಕ್ಕೆ, ಸೊಂಟವೂ ಅಲ್ಲದ ಪೃಷ್ಠವೂ ಅಲ್ಲದ ಆ ಜಾಗಕ್ಕೆ, ನಿಮ್ಮ ಮನೆಮಾತಿನಲ್ಲಿ ಏನಂತೀರಿ?