ಸೋರ್ಸ್ ಇಲ್ಲದ ಮಾಡ್ಯೂಲ್‌ಗಳಿಗೆ ಲಿನಕ್ಸ್ ಕರ್ನಲ್ ತಂಡ ಬೆಂಬಲ ಕೊಡಬೇಕೇ?

ಪ್ರಶ್ನೆ: ಪೀಣ್ಯ_ಬೋರ್ಡ್

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಕಂಪನ ಅಳೆಯುವ ಪಿಸಿಐಇ ಕಾರ್ಡ್ ಇದೆ. ತಯಾರಕರು ಕೊಟ್ಟಿರುವುದು ಲಿನಕ್ಸ್‌ನ 5.10 ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳು) ಕಂಪೈಲ್ ಆದ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ಡ್ರೈವರ್ ತುಣುಕು) ಮಾತ್ರ, ಸೋರ್ಸ್ ಇಲ್ಲ. 6.6ಕ್ಕೆ ಹೋದರೆ 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಅನ್ನುತ್ತದೆ. ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್ ಆಜ್ಞೆಯಲ್ಲಿ ಫೋರ್ಸ್ ಮಾಡಿ ಹಾಕಬಹುದೇ? ಇಂಥವಕ್ಕಾಗಿ ಕರ್ನಲ್ ಡೆವಲಪರ್‌ಗಳು ಒಂದು ಸ್ಥಿರ ಎಬಿಐ (ಕಂಪೈಲ್ ಆದ ಮಾಡ್ಯೂಲ್ ಕರ್ನಲ್ ಜೊತೆ ಬೆಸೆಯುವ ರೀತಿ) ಇಟ್ಟುಕೊಂಡರೆ ಏನು ನಷ್ಟ?

ಉತ್ತರ 1: ಜಯನಗರ_ಶೆಲ್

ಫೋರ್ಸ್ ಖಂಡಿತ ಬೇಡ. ಫೋರ್ಸ್ ಮಾಡಿದರೆ ವರ್ಮ್ಯಾಜಿಕ್ (ಯಾವ ಕರ್ನಲ್‌ಗೆ ಕಟ್ಟಿದ್ದು ಎಂಬ ಗುರುತು) ಮತ್ತು ಸಿಂಬಲ್‌ಗಳ (ಕರ್ನಲ್ ಹೊರಗೆ ಕೊಡುವ ಫಂಕ್ಷನ್ ಇತ್ಯಾದಿಗಳ ಹೆಸರು) ಸಿಆರ್‌ಸಿ ಚೆಕ್‌ಸಮ್ ತಪಾಸಣೆ ಎರಡೂ ತಪ್ಪಿಹೋಗುತ್ತವೆ. 5.10ರ ಸ್ಟ್ರಕ್ಟ್‌ನಲ್ಲಿ (ಮೆಮೊರಿಯಲ್ಲಿ ಡೇಟಾ ಜೋಡಿಸಿಟ್ಟ ರಚನೆ) ಒಂದು ಫೀಲ್ಡ್ ಇದ್ದ ಜಾಗದಲ್ಲಿ 6.6ರಲ್ಲಿ ಬೇರೆಯೇ ಫೀಲ್ಡ್ ಇರಬಹುದು. ಮಾಡ್ಯೂಲ್ ಅಲ್ಲಿಗೇ ಬರೆಯುತ್ತದೆ. ಪೆಟ್ಟು ಎರಡು ದಿನ ಬಿಟ್ಟು ಫೈಲ್‌ಸಿಸ್ಟಂನಲ್ಲಿ ಕಂಡರೆ ಕಾರಣ ಹುಡುಕುವುದು ಬಹಳ ಕಷ್ಟ.

ನಷ್ಟ ಏನು ಅಂದಿರಲ್ಲ, ಟೈಮರ್‌ಗಳನ್ನೇ ನೋಡಿ. ಹಳೆಯ ಟೈಮರ್ ಸ್ಟ್ರಕ್ಟ್‌ನಲ್ಲಿ ಫಂಕ್ಷನ್ ಪಾಯಿಂಟರ್ ಪಕ್ಕದಲ್ಲೇ ಅದರ ಆರ್ಗ್ಯುಮೆಂಟ್ ಕೂತಿತ್ತು. ಓವರ್‌ಫ್ಲೋ (ಮೆಮೊರಿಯ ಎಲ್ಲೆ ಮೀರಿ ಬರೆಯುವ ದೋಷ) ಸಿಕ್ಕಿದ ದಾಳಿಕೋರನಿಗೆ ಎರಡೂ ಒಟ್ಟಿಗೆ ಕೈಗೆ ಬರುತ್ತಿದ್ದವು. 4.15ರ ಹೊತ್ತಿಗೆ ಆ ಫೀಲ್ಡನ್ನೇ ತೆಗೆದು, ಕರ್ನಲ್ ಒಳಗಿನ ನೂರಾರು ಬಳಕೆಗಳನ್ನು ಅವರೇ ತಿದ್ದಿದರು. ಎಬಿಐ ಗಟ್ಟಿ ಮಾಡಿಟ್ಟಿದ್ದರೆ ಆ ಕಿಂಡಿ ಇಂದಿಗೂ ತೆರೆದೇ ಇರುತ್ತಿತ್ತು. ಸ್ಥಿರತೆಯ ಭರವಸೆ ಇರುವುದು ಸಿಸ್ಟಂ ಕಾಲ್‌ಗಳಿಗೆ (ಪ್ರೋಗ್ರಾಂಗಳು ಕರ್ನಲ್ ಸೇವೆ ಕೇಳುವ ದಾರಿ). ಅದು ಅಲ್ಲೇ ಇರಬೇಕು.

ಉತ್ತರ 2: ಮಲ್ಲೇಶ್ವರ_ಮಾಡ್

ಎಬಿಐ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಜಿಪಿಎಲ್‌ಗೆ (ಕರ್ನಲ್‌ನ ಮುಕ್ತ ಲೈಸೆನ್ಸ್) ಮಾತ್ರ ಮೀಸಲಾದ ಎಕ್ಸ್‌ಪೋರ್ಟ್‌ಗಳ (ಮಾಡ್ಯೂಲ್‌ಗಳಿಗೆ ಬಿಟ್ಟುಕೊಟ್ಟ ಸಿಂಬಲ್‌ಗಳು) ಗೆರೆ ಎಲ್ಲ ಕಡೆ ನ್ಯಾಯವಾಗಿಲ್ಲ. 5.0ರಲ್ಲಿ ಎಫ್‌ಪಿಯು (ಪ್ರೊಸೆಸರ್‌ನ ದಶಮಾಂಶ ಲೆಕ್ಕದ ಘಟಕ) ಬಳಸಲು ಇದ್ದ ಹಳೆಯ ಸಿಂಬಲ್ ತೆಗೆದರು, ಉಳಿದದ್ದು ಜಿಪಿಎಲ್‌ನವರಿಗೆ ಮಾತ್ರ. ಏಟು ಬಿದ್ದದ್ದು ಝಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂಗೆ. ಅದರ ಸೋರ್ಸ್ ಎಲ್ಲರಿಗೂ ತೆರೆದಿದೆ, ಲೈಸೆನ್ಸ್ ಜಿಪಿಎಲ್ ಅಲ್ಲ, ಸಿಡಿಡಿಎಲ್ ಎಂಬ ಇನ್ನೊಂದು ಮುಕ್ತ ಲೈಸೆನ್ಸ್ ಅಷ್ಟೇ. ಅಡ್ಡದಾರಿ ಹಿಡಿಯುವವರನ್ನು ತಡೆಯುವುದು ಸರಿ: 5.9ರಿಂದ, ಮುಚ್ಚಿದ ಮಾಡ್ಯೂಲ್‌ನ ಸಿಂಬಲ್ ಬಳಸುವ ನಡುವಿನ ಜಿಪಿಎಲ್ ಮಾಡ್ಯೂಲ್‌ಗೂ ಪ್ರೊಪ್ರೈಟರಿ ಕಳಂಕ (ಟೇಂಟ್) ಅಂಟುತ್ತದೆ. ಅದು ಬೇಕಾಗಿತ್ತು. ಝಡ್‌ಎಫ್‌ಎಸ್‌ಗೆ ಆದದ್ದು ಬೇಕಿರಲಿಲ್ಲ.

ಉತ್ತರ 3: ಎಸ್‌ಪಿ_ರೋಡ್_ಪಿನ್‌ಔಟ್

ಕಾರ್ಡ್ ವಿಷಯಕ್ಕೆ ಬರೋಣ. ಪ್ರಾಕ್ ಒಳಗಿನ, ಕರ್ನಲ್‌ಗೆ ಅಂಟಿದ ಟೇಂಟ್‌ಗಳನ್ನು ಅಂಕಿಯಲ್ಲಿ ಹೇಳುವ ಟೇಂಟೆಡ್ ಕಡತದಲ್ಲಿ 4097 ಕಂಡರೆ ಪ್ರೊಪ್ರೈಟರಿಯ 1 ಮತ್ತು ಔಟ್-ಆಫ್-ಟ್ರೀಯ (ಕರ್ನಲ್‌ನ ಅಧಿಕೃತ ಸೋರ್ಸ್‌ನ ಹೊರಗಿನದು) 4096 ಕೂಡಿದ್ದು. ಸಹಿಯೂ ಇಲ್ಲದಿದ್ದರೆ ಇನ್ನೊಂದು 8192 ಸೇರಿ 12289. ಆ ಸ್ಥಿತಿಯ ಊಪ್ಸ್ (ಕರ್ನಲ್ ದೋಷ) ವರದಿಯನ್ನು ಕರ್ನಲ್ ತಂಡ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮಾಡ್ಯೂಲ್ ಇಲ್ಲದೆ ರೀಬೂಟ್ ಮಾಡಿ, ದೋಷ ಮರುಕಳಿಸಿದರೆ ಮಾತ್ರ ಕಳಿಸಿ. ಆರ್‌ಎಂಮಾಡ್ ಆಜ್ಞೆಯಿಂದ ಮಾಡ್ಯೂಲ್ ತೆಗೆದರೂ ಟೇಂಟ್ ಹೋಗುವುದಿಲ್ಲ.

ತಯಾರಕರ ಬಳಿ ಸೋರ್ಸ್ ಕೇಳಿ ಜಗಳವಾಡುವ ಬದಲು ರಿಜಿಸ್ಟರ್ ನಕ್ಷೆ (ಕಾರ್ಡಿನ ಯಾವ ವಿಳಾಸದಲ್ಲಿ ಏನಿದೆ ಎಂಬ ಪಟ್ಟಿ) ಕೇಳಿ. ಅದು ಸಿಕ್ಕರೆ ಡ್ರೈವರನ್ನು ಯೂಸರ್‌ಸ್ಪೇಸ್‌ನಲ್ಲೇ (ಕರ್ನಲ್ ಹೊರಗೆ, ಮಾಮೂಲಿ ಪ್ರೋಗ್ರಾಂ ಆಗಿ) ಬರೆಯಬಹುದು, ಅವರ ಗುಟ್ಟಿನ ಲೆಕ್ಕಾಚಾರವೂ ಅಲ್ಲೇ ಮುಚ್ಚಿಕೊಂಡಿರಲಿ. ಡಿಎಂಎ (ಕಾರ್ಡ್ ತಾನೇ ಮೆಮೊರಿಗೆ ಡೇಟಾ ಬರೆಯುವುದು) ಬೇಡವಾದರೆ ಯುಐಒ ಸಾಕು; ಇದೂ ಮುಂದಿನ ವಿಎಫ್‌ಐಒ ಕೂಡ ಯೂಸರ್‌ಸ್ಪೇಸ್ ಡ್ರೈವರ್‌ಗೆ ಕರ್ನಲ್ ಕೊಡುವ ದಾರಿಗಳು. ಕಂಪನದ ಡೇಟಾಗೆ ಡಿಎಂಎ ಬೇಕಾಗಬಹುದು, ಹಾಗಿದ್ದರೆ ವಿಎಫ್‌ಐಒ. ಬಯಾಸ್‌ನಲ್ಲಿ ಐಒಎಂಎಂಯು (ಕಾರ್ಡ್ ಮೆಮೊರಿಯ ಯಾವ ಭಾಗ ಮುಟ್ಟಬಹುದೆಂದು ಕಾಯುವ ಘಟಕ) ಆನ್ ಮಾಡಿ, ಕಾರ್ಡಿನ ವೆಂಡರ್ ಮತ್ತು ಡಿವೈಸ್ ಐಡಿಯನ್ನು ವಿಎಫ್‌ಐಒ-ಪಿಸಿಐ ಡ್ರೈವರ್‌ಗೆ ಕೊಡಿ. ಇಲ್ಲಿ ಎಡವುವುದು ಹೆಚ್ಚಾಗಿ ಐಒಎಂಎಂಯು ಗುಂಪಿನಲ್ಲಿ (ಒಂದರಿಂದ ಒಂದನ್ನು ಬೇರ್ಪಡಿಸಲಾಗದ ಸಾಧನಗಳ ಗುಂಪು): ಅದೇ ಗುಂಪಿನಲ್ಲಿ ನೆಟ್‌ವರ್ಕ್ ಕಾರ್ಡ್ ಇದ್ದು ಅದರ ಮಾಮೂಲಿ ಡ್ರೈವರ್ ಓಡುತ್ತಿದ್ದರೆ ಗುಂಪು ವಿಎಫ್‌ಐಒ ಬಳಕೆಗೆ ಸಿಗುವುದೇ ಇಲ್ಲ. ಮೊದಲು ಸ್ಲಾಟ್ ಬದಲಿಸಿ ನೋಡಿ.