ಪದಚರ್ಚೆ: ‘ಗೇರ್ ಬೀಳುತ್ತದೆ, ಆದರೆ ನಿಲ್ಲುವುದಿಲ್ಲ’

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಕರಾರು ಪತ್ರದ ಎರಡು ಸಾಲಿಗಾಗಿ ನಿಮ್ಮ ನೆರವು ಬೇಕಾಗಿದೆ. ನನ್ನ ಅಕ್ಕ ಮತ್ತು ಭಾವ ಉಡುಪಿಯಲ್ಲಿ ಮದುವೆ, ಉಪನಯನಗಳಿಗೆ ಅಡುಗೆ ಮಾಡಿಕೊಡುತ್ತಾರೆ. ಪಾತ್ರೆಪಡಗ ಸಾಗಿಸಲು ಹಳೆಯದೊಂದು ಈಕೋ ವ್ಯಾನನ್ನು ಕೊಳ್ಳಲು ಹೊರಟಿದ್ದಾರೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಅದನ್ನು ಮಣಿಪಾಲದ ಏರಿನಲ್ಲಿ ಹತ್ತಿಸಿ, ಇಳಿಸಿ ನೋಡಿ ಬಂದು ಹೇಳಿದ ಮಾತು ಇಷ್ಟೇ: “ಮೂರನೇ ಗೇರ್ ಬೀಳುತ್ತದೆ, ಆದರೆ ನಿಲ್ಲುವುದಿಲ್ಲ.”

ಕರಾರು ಬರೆಯುತ್ತಿದ್ದವರು ಇದನ್ನು ಕೇಳಿಸಿಕೊಂಡು ‘ಮೂರನೇ ಗೇರ್ ಬೀಳುವ ದೋಷವಿದ್ದು’ ಎಂದು ಬರೆದುಬಿಟ್ಟರು. ಮೆಕ್ಯಾನಿಕ್ ತಕ್ಷಣ ತಡೆದರು. ಬೀಳುವುದು ದೋಷವಲ್ಲ, ಬೀಳಲೇಬೇಕು. ಬಿದ್ದದ್ದು ಅಲ್ಲಿಯೇ ನಿಲ್ಲದಿರುವುದು ದೋಷ ಎಂದರು. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗೇರ್ ತಾನಾಗಿ ಕಳಚಿಕೊಂಡು ಗೇರ್ ಕಡ್ಡಿ ನ್ಯೂಟ್ರಲ್‌ಗೆ, ಅಂದರೆ ಯಾವ ಗೇರೂ ಇಲ್ಲದ ಸ್ಥಿತಿಗೆ, ಬರುತ್ತದಂತೆ. ಗೊಂದಲವೇ ಬೇಡವೆಂದು ಬರಹಗಾರರು ಸಾಲನ್ನು ಹೊಡೆದುಹಾಕಿ, ‘ವಾಹನದ ಪ್ರಸರಣ ವ್ಯವಸ್ಥೆಯ ವಿಶ್ವಾಸಾರ್ಹತೆಗೆ ಮಾರಾಟಗಾರರೇ ಹೊಣೆ’ ಎಂದು ಬರೆದರು. ಕೊಳ್ಳುವವರು, ಮಾರುವವರು, ಮೆಕ್ಯಾನಿಕ್, ಮೂವರಿಗೂ ಅದು ಅರ್ಥವಾಗಲಿಲ್ಲ.

ನನಗೆ ‘ಬೀಳು’ ಎಂಬ ಕ್ರಿಯಾಪದದ ಮೇಲೆ ಬಹಳ ಪ್ರೀತಿ ಹುಟ್ಟಿದ್ದು ಆಗ. ಚಿಲಕ ಬೀಳುತ್ತಿಲ್ಲ ಎನ್ನುತ್ತೇವೆ. ಬಾಗಿಲಿಗೆ ಬೀಗ ಬಿತ್ತು, ಹಗ್ಗಕ್ಕೆ ಗಂಟು ಬಿತ್ತು ಎನ್ನುತ್ತೇವೆ. ಇಲ್ಲೆಲ್ಲ ‘ಬೀಳು’ ಎಂದರೆ ಮೇಲಿನಿಂದ ಕೆಳಕ್ಕೆ ಉರುಳುವುದಲ್ಲ. ತನ್ನ ಜಾಗದಲ್ಲಿ ಹೋಗಿ ಕೂರುವುದು, ಕಚ್ಚಿಕೊಳ್ಳುವುದು. ಹಲ್ಲುಗಳು ಹಲ್ಲುಗಳೊಳಗೆ ಕೂಡುವ ಕ್ರಿಯೆಗೆ ಇದಕ್ಕಿಂತ ಹೊಂದುವ ಮಾತು ನನಗೆ ಕಾಣುವುದಿಲ್ಲ. ತುಳುವಿನವರೂ ಇಲ್ಲಿ ‘ಬೂರು’ ಎಂದೇ ಬಳಸುತ್ತಾರೆ. ಮೆಕ್ಯಾನಿಕ್ ಭಾವನಿಗೆ ಮೊದಲು ಹೇಳಿದ್ದು ತುಳುವಿನಲ್ಲಿಯೇ. ಇದು ತುಳುವಿನಿಂದ ನಮ್ಮ ಕರಾವಳಿಯ ಕನ್ನಡಕ್ಕೆ ಬಂದ ಬಳಕೆಯೇ, ಅಥವಾ ಮೈಸೂರು, ಹುಬ್ಬಳ್ಳಿ, ಕಲಬುರಗಿಯ ಗ್ಯಾರೇಜುಗಳಲ್ಲಿಯೂ ಗೇರ್ ‘ಬೀಳುತ್ತದೆಯೇ’? ಇದು ನನ್ನ ಮೊದಲ ಪ್ರಶ್ನೆ.

ಬರವಣಿಗೆಯಲ್ಲಿ ಇನ್ನೊಂದು ತೊಡಕೂ ಇದೆ. ನಮ್ಮ ಕಡೆ ಗೇರು ಎಂದರೆ ಗೇರುಬೀಜದ ಮರ. ಬೇಸಿಗೆಯಲ್ಲಿ ಗೇರು ಬೀಳುವುದೆಂದರೆ ಗುಡ್ಡದಲ್ಲಿ ಹಣ್ಣು ಉದುರುವುದು. ‘ಗೇರ್’ ಎಂದು ಅರ್ಧಾಕ್ಷರದಲ್ಲಿ ನಿಲ್ಲಿಸಿದರೆ ವ್ಯತ್ಯಾಸ ಉಳಿಯುತ್ತದೆ, ಆದರೆ ‘ಗೇರಿಗೆ’, ‘ಗೇರಿನಲ್ಲಿ’ ಎಂದು ವಿಭಕ್ತಿ ಸೇರಿದ ಕೂಡಲೇ ಎರಡೂ ಒಂದೇ. ಕೆಲವರು ‘ಗಿಯರ್’ ಎಂದು ಬರೆಯುತ್ತಾರೆ. ಕಾನೂನಿನ ಕಾಗದಕ್ಕೆ ಅದೇ ಒಳ್ಳೆಯದೇನೋ.

ಇನ್ನು ‘ಪ್ರಸರಣ’. ಕನ್ನಡ ಓದುಗನಿಗೆ ಈ ಪದ ಸಿಕ್ಕಿರುವುದು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ಫಲಕದಲ್ಲಿ. ಶಕ್ತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ಎಂಬ ಅರ್ಥ ವಾಹನಕ್ಕೂ ಸಲ್ಲುತ್ತದೆ, ತಪ್ಪೆನ್ನಲಾರೆ. ಆದರೆ ಅದು ತೀರಾ ಅಗಲವಾಯಿತು. ಈಕೋದಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಎಳೆತ ಇರುವುದು ಹಿಂದಿನ ಗಾಲಿಗಳಿಗೆ. ನಡುವೆ ಕ್ಲಚ್, ಗೇರ್ ಬಾಕ್ಸ್, ಉದ್ದನೆಯ ಶಾಫ್ಟ್, ಹಿಂದೆ ಗಾಲಿಗಳನ್ನು ತಿರುಗಿಸುವ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳು, ಇವೆಲ್ಲವೂ ‘ಪ್ರಸರಣ’ವೇ. ನಾಳೆ ಕ್ಲಚ್ ಪ್ಲೇಟ್ ಸವೆದರೆ ಅದಕ್ಕೂ ಮಾರಿದವರೇ ಹೊಣೆಯೇ? ಕ್ಲಚ್ ಪ್ಲೇಟ್ ಸವೆಯುವುದಕ್ಕೆಂದೇ ಇರುವ ವಸ್ತು. ಜಗಳ ಹುಟ್ಟುವುದು ಇಂತಹ ಪದಗಳಿಂದಲೇ.

ಮೆಕ್ಯಾನಿಕ್‌ನ ಭಾಷೆಯಲ್ಲಿ ಒಂದೊಂದು ದೋಷಕ್ಕೆ ಒಂದೊಂದು ಕ್ರಿಯಾಪದ ಇದೆ. ಎಂಜಿನ್ ಕೂಗಿದರೂ ಗಾಡಿ ಎಳೆಯದಿದ್ದರೆ ಕ್ಲಚ್ ‘ಜಾರುತ್ತದೆ’. ಪೆಡಲ್ ತುಳಿದರೂ ಕ್ಲಚ್ ಎಂಜಿನ್ನಿನ ಹಿಡಿತವನ್ನು ಪೂರ್ತಿ ಬಿಡದಿದ್ದರೆ ಗೇರ್ ‘ಬೀಳುವುದಿಲ್ಲ’. ಒಳಗಿನ ಹಲ್ಲೋ, ಗೇರನ್ನು ಜಾಗಕ್ಕೆ ತಳ್ಳುವ ಫೋರ್ಕೋ ಸವೆದಿದ್ದರೆ ಗೇರ್ ‘ನಿಲ್ಲುವುದಿಲ್ಲ’. ಆಟೋಮ್ಯಾಟಿಕ್ ವಾಹನಗಳ ಬಗೆಗಿನ ಇಂಗ್ಲಿಷ್ ಬರಹಗಳನ್ನು ಅನುವಾದಿಸುವವರು ‘ಗೇರ್ ಬಾಕ್ಸ್ ಜಾರುತ್ತದೆ’ ಎಂದು ಬರೆಯುವುದನ್ನು ನೋಡಿದ್ದೇನೆ. ಅಲ್ಲಿ ಅದು ಸರಿ, ಆ ಪೆಟ್ಟಿಗೆಯ ಒಳಗೇ ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗಳಿರುತ್ತವೆ. ಕೈಯಿಂದ ಗೇರ್ ಹಾಕುವ ಈಕೋದವನು ಅದನ್ನು ಓದಿದರೆ ಕ್ಲಚ್ ಪ್ಲೇಟ್ ಬದಲಿಸಿ ಸುಮ್ಮನಾಗುತ್ತಾನೆ, ದೋಷ ಹಾಗೆಯೇ ಉಳಿಯುತ್ತದೆ.

‘ವಿಶ್ವಾಸಾರ್ಹತೆ’ಯ ಬಗ್ಗೆಯೂ ಒಂದು ಮಾತು. ಮಾರುವವರು ಪದೇ ಪದೇ “ಬಾಳಿಕೆಗೆ ಏನೂ ತೊಂದರೆಯಿಲ್ಲ” ಎನ್ನುತ್ತಿದ್ದರು. ನಿಜವೇ ಇರಬಹುದು, ಆ ಗೇರ್ ಬಾಕ್ಸ್ ಇನ್ನೂ ಐದು ವರ್ಷ ಬಾಳಬಹುದು. ಆದರೆ ಅಕ್ಕ ಕೇಳುತ್ತಿದ್ದುದು ಬಾಳಿಕೆಯನ್ನಲ್ಲ. ಹಂಡೆ, ಕೊಪ್ಪರಿಗೆ ಹೇರಿಕೊಂಡು ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಗೇರ್ ಕಳಚಿಕೊಂಡರೆ ಎಂಜಿನ್ನಿನ ತಡೆ ಇಲ್ಲದೆ ಇಡೀ ಭಾರ ಬ್ರೇಕಿಗೇ ಬರುತ್ತದೆ. “ನೆಚ್ಚಬಹುದೇ?” ಎಂಬುದು ಅವಳ ಪ್ರಶ್ನೆ. ಬಾಳಿಕೆ ಬೇರೆ, ನೆಚ್ಚಿಕೆ ಬೇರೆ. ‘ನೆಚ್ಚು’ ಎಂಬ ಅಚ್ಚಗನ್ನಡ ಪದ ಇರುವಾಗ ಕರಾರಿನಲ್ಲಿ ಅದನ್ನು ಬಳಸಿದರೆ ಯಾರಾದರೂ ಆಕ್ಷೇಪಿಸುತ್ತಾರೆಯೇ?

ಸದ್ಯಕ್ಕೆ ನಾನು ಬರೆದಿರುವುದು ಹೀಗೆ: ‘ಮೂರನೇ ಗಿಯರ್ ಹಾಕಿದ ಬಳಿಕ ತಾನಾಗಿ ಕಳಚಿ ನ್ಯೂಟ್ರಲ್‌ಗೆ ಬರುವ ದೋಷವನ್ನು ಮಾರುವವರು ತಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡತಕ್ಕದ್ದು. ಕ್ಲಚ್ ಪ್ಲೇಟಿನ ಸವೆತ ಇದರಲ್ಲಿ ಸೇರಿಲ್ಲ.’ ‘ಕಳಚಿ’ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ, ಕಡ್ಡಿಯೇ ಕೈಗೆ ಬಂದಂತೆ ಕೇಳಿಸುತ್ತದೆ. ‘ಹಾರಿ’, ‘ಬಿಟ್ಟುಕೊಂಡು’ ಎಂಬುದನ್ನೂ ಕೇಳಿದ್ದೇನೆ. ನಿಮ್ಮ ಊರಿನ ಗ್ಯಾರೇಜಿನಲ್ಲಿ ಇದಕ್ಕೆ ಏನೆನ್ನುತ್ತಾರೆ? ಸೋಮವಾರ ಸಹಿ ಹಾಕುವುದಿದೆ, ಅದಕ್ಕೆ ಮೊದಲು ತಿಳಿಸಿದರೆ ಸಾಲನ್ನು ತಿದ್ದುತ್ತೇನೆ.