ಭಾನುವಾರದ ಪ್ರಶ್ನೋತ್ತರ: ಕಾಲೇಜು, ವಿಶ್ವವಿದ್ಯಾನಿಲಯಗಳ ಐಟಿ ಹೊಣೆ

ಗುಂಪಿನ ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯ ಭಾಗದ ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರ ಪ್ರಶ್ನೆಗಳಿಗೆ ಇಂದು ಉತ್ತರಿಸುವವರು, ವಿಶ್ವವಿದ್ಯಾನಿಲಯವೊಂದರ ಗಣಕ ಕೇಂದ್ರದ ನಿರ್ದೇಶಕರಾಗಿ ನಿವೃತ್ತರಾಗಿ ಈಗ ಕುವೆಂಪುನಗರದಲ್ಲಿರುವ ಹಿರಿಯರು. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಉಪನ್ಯಾಸಕ, ಮದ್ದೂರು: ಸರ್, ನಮ್ಮ ವಿದ್ಯಾರ್ಥಿನಿಲಯದಲ್ಲಿ ಸಂಜೆಯಾದರೆ ವೈ-ಫೈ ತೆವಳುತ್ತದೆ. ಕಾಲೇಜಿಗೆ ಒಂದು ಜಿಬಿಪಿಎಸ್ (ಸೆಕೆಂಡಿಗೆ ಒಂದು ಗಿಗಾಬಿಟ್) ವೇಗದ ಇಂಟರ್ನೆಟ್ ಸಂಪರ್ಕ ಇದೆ. ಇನ್ನೊಂದು ಸಂಪರ್ಕ ಪಡೆಯಲು ಪ್ರಸ್ತಾವ ಕಳುಹಿಸೋಣವೇ?

ಸಲಹೆಗಾರರು: ಕಳುಹಿಸಬೇಡಿ. ಮೊದಲು ಸಂಜೆ ಎಂಟು ಗಂಟೆಗೆ ಫೈರ್‌ವಾಲ್‌ನ (ಜಾಲದ ಒಳಹೊರಗಿನ ಸಂಚಾರವನ್ನು ಕಾಯುವ ಯಂತ್ರ) ಪುಟ ತೆರೆದು, ಆ ಒಂದು ಜಿಬಿಪಿಎಸ್‌ನಲ್ಲಿ ಎಷ್ಟು ಬಳಕೆಯಾಗುತ್ತಿದೆ ನೋಡಿ. ಅರ್ಧವೂ ಬಳಕೆಯಾಗಿರದಿದ್ದರೆ ತೊಂದರೆ ಇರುವುದು ಕಟ್ಟಡದ ಒಳಗೆ. ವೈ-ಫೈನ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಪಡಸಾಲೆಯಲ್ಲಿ ಸಾಲಾಗಿ ಹತ್ತು ವೈ-ಫೈ ಪೆಟ್ಟಿಗೆ ತೂಗುಹಾಕಿ ಎಲ್ಲವನ್ನೂ ಪೂರ್ಣ ಶಕ್ತಿಯಲ್ಲಿ ಬಿಟ್ಟರೆ ಅವು ಒಂದರ ಮಾತನ್ನು ಇನ್ನೊಂದು ಕೇಳಿಸದಂತೆ ಮಾಡುತ್ತವೆ. ಶಕ್ತಿ ತಗ್ಗಿಸಿ, ಕೋಣೆಗಳ ಒಳಗೆ ಹಾಕಿ, 5 ಗಿಗಾಹರ್ಟ್ಸ್‌ಗೆ ಆದ್ಯತೆ ಕೊಡಿ.

ಗ್ರಂಥಪಾಲಕಿ, ಸರಸ್ವತಿಪುರಂ: ನಮ್ಮ ಸಂಸ್ಥೆಯ ಗೂಗಲ್ ಖಾತೆಯಲ್ಲಿ ಜಾಗ ತುಂಬಿದೆ ಎಂದು ಬರುತ್ತಿದೆ. ಮೊದಲು ಮಿತಿಯೇ ಇರಲಿಲ್ಲವಲ್ಲ?

ಸಲಹೆಗಾರರು: ಆ ಸೌಲಭ್ಯ 2022ರಲ್ಲೇ ನಿಂತಿತು. ಉಚಿತ ಯೋಜನೆಯಲ್ಲಿ ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್. ಓದು ಮುಗಿಸಿ ಹೋದ ವಿದ್ಯಾರ್ಥಿಗಳ ಖಾತೆಗಳನ್ನು ನೋಡಿ. ಹೆಚ್ಚಿನ ಪಾಲು ಅಲ್ಲಿರುತ್ತದೆ. ಖಾತೆ ಮುಚ್ಚುವ ಮುನ್ನ ಅವರಿಗೆ ಕಾಲಾವಕಾಶ ಕೊಟ್ಟು ತಿಳಿಸುವ ನಿಯಮವೊಂದನ್ನು ಕುಲಸಚಿವರ ಸಹಿಯೊಂದಿಗೆ ಹೊರಡಿಸಿ.

ಅತಿಥಿ ಉಪನ್ಯಾಸಕಿ, ಮಳವಳ್ಳಿ: ಪಾಠದ ಜೊತೆಗೆ ಕಾಲೇಜಿನ ಇಡೀ ಐಟಿ ಹೊಣೆಯನ್ನು ನನಗೆ ಕೊಟ್ಟಿದ್ದಾರೆ. ಆದೇಶವಿಲ್ಲ, ಭತ್ಯೆಯಿಲ್ಲ. ಏನಾದರೂ ತಪ್ಪಾದರೆ ಹೊಣೆ ಯಾರದು?

ಪರೀಕ್ಷಾ ವಿಭಾಗ, ಮಂಡ್ಯ: ನಮ್ಮದು ಸ್ವಾಯತ್ತ ಕಾಲೇಜು. ಅಂಕಪಟ್ಟಿಯ ತಂತ್ರಾಂಶ ಖಾಸಗಿ ಕಂಪನಿಯೊಂದರದು, ದತ್ತಾಂಶವೂ ಅವರ ಸರ್ವರ್‌ನಲ್ಲಿದೆ. ಒಪ್ಪಂದ ಮಾರ್ಚ್‌ಗೆ ಮುಗಿಯುತ್ತದೆ. ಹೊಸ ಕಂಪನಿಗೆ ಹೋಗುವುದಾದರೆ ಹಳೆಯ ದತ್ತಾಂಶ ಕೊಡಲು ಪ್ರತ್ಯೇಕ ಹಣ ಬೇಕೆನ್ನುತ್ತಿದ್ದಾರೆ. ಕೊಡಬೇಕೇ? ಇನ್ನೊಂದು ಸಣ್ಣ ವಿಷಯ: ಕಳೆದ ವಾರ ನಮ್ಮ ಒಂದು ಕಂಪ್ಯೂಟರ್‌ನಲ್ಲಿ ಕಡತಗಳ ಹೆಸರಿನ ಕೊನೆಗೆ ವಿಚಿತ್ರ ಅಕ್ಷರಗಳು ಸೇರಿಕೊಂಡು ಯಾವುದೂ ತೆರೆಯುತ್ತಿರಲಿಲ್ಲ. ಫಾರ್ಮ್ಯಾಟ್ ಮಾಡಿಸಿದೆವು, ಈಗ ಸರಿಯಾಗಿದೆ. ಬ್ಯಾಕಪ್ ಹಾರ್ಡ್ ಡಿಸ್ಕ್ ಇದೆ, ಚಿಂತೆಯಿಲ್ಲ.

ಸಲಹೆಗಾರರು: ನೀವು ಸಣ್ಣದೆಂದದ್ದೇ ಇಲ್ಲಿ ದೊಡ್ಡದು. ಅದಕ್ಕೇ ಮೊದಲು ಉತ್ತರಿಸುತ್ತೇನೆ.

ನೀವು ವಿವರಿಸಿದ್ದು, ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ತಂತ್ರಾಂಶವಾದ ರ‍್ಯಾನ್ಸಮ್‌ವೇರ್‌ನ ಲಕ್ಷಣ. ಫಾರ್ಮ್ಯಾಟ್ ಮಾಡಿದ್ದರಿಂದ ಆ ಒಂದು ಯಂತ್ರ ಸ್ವಚ್ಛವಾಗಿರಬಹುದು. ಆದರೆ ಅದು ಎಲ್ಲಿಂದ ಬಂತು, ಪಕ್ಕದ ಯಂತ್ರಗಳಿಗೆ ಹೋಗಿದೆಯೇ ಎಂಬುದನ್ನು ಹೇಳಬಲ್ಲ ಕುರುಹೂ ಅಳಿಸಿಹೋಯಿತು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾನಿಲಯದಲ್ಲಿ ಮೋಸದ ಇಮೇಲ್‌ನ ಕೊಂಡಿಯನ್ನು ಒತ್ತಿದ್ದು 2019ರ ಅಕ್ಟೋಬರ್‌ನಲ್ಲಿ. ದಾಳಿಕೋರರು ಎರಡು ತಿಂಗಳು ಒಳಗೇ ಓಡಾಡಿಕೊಂಡಿದ್ದು, ಡಿಸೆಂಬರ್ 23ರಂದು 267 ಸರ್ವರ್‌ಗಳಿಗೆ ಬೀಗ ಹಾಕಿದರು. ಕೆಲವು ಬ್ಯಾಕಪ್‌ಗಳೂ ಅದೇ ಜಾಲದಲ್ಲಿದ್ದುದರಿಂದ ಅವೂ ಹೋದವು. ಕೊನೆಗೆ ವಿಶ್ವವಿದ್ಯಾನಿಲಯ 30 ಬಿಟ್‌ಕಾಯಿನ್ ಕೊಟ್ಟಿತು. ಆಗಿನ ಬೆಲೆ ಸುಮಾರು ಎರಡು ಲಕ್ಷ ಯೂರೋ. ನಮ್ಮ ದೇಶದಲ್ಲಿ 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಇದೇ ರೀತಿ ನಿಂತಾಗ ಸಿಬ್ಬಂದಿ ಕೈಬರಹಕ್ಕೆ ಮರಳಬೇಕಾಯಿತು.

ನಿಮ್ಮ ಆ ಬ್ಯಾಕಪ್ ಡಿಸ್ಕ್ ದಿನವಿಡೀ ಅದೇ ಕಂಪ್ಯೂಟರ್‌ಗೆ ಸಿಕ್ಕಿಸಿಕೊಂಡೇ ಇರುತ್ತದೆಯೇ? ಹಾಗಿದ್ದರೆ ಅದನ್ನು ಬ್ಯಾಕಪ್ ಎಂದು ನಾನು ಒಪ್ಪುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಆವರಣದ ಹೊರಗೆ. ಇಷ್ಟಿದ್ದರೂ, ಮರಳಿ ತೆರೆದು ನೋಡಿರದ ಪ್ರತಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಇಂದೇ ಡಿಸ್ಕ್ ನೋಡಿ ಬರೆಯಿರಿ. ನೋಡುವಾಗ ಜಾಲಕ್ಕೆ ಸೇರಿರದ, ಬೇರೆಯೇ ಕಂಪ್ಯೂಟರ್ ಬಳಸಿ.

ಇನ್ನು ಕಂಪನಿಯ ವಿಷಯ. ಅಂಕಗಳು ನಿಮ್ಮವು, ಹೊಣೆಯೂ ನಿಮ್ಮದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಹೊರಗಿನವರಿಗೆ ಕೆಲಸ ವಹಿಸಿದ ಮಾತ್ರಕ್ಕೆ ಸಂಸ್ಥೆಯ ಹೊಣೆ ಕಳೆಯುವುದಿಲ್ಲ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಒಪ್ಪಂದದಲ್ಲಿ ನಿರ್ಗಮನದ ಷರತ್ತು, ಅಂದರೆ ಬಿಡುವಾಗ ದತ್ತಾಂಶ ಮರಳಿಸಬೇಕೆಂಬ ಮಾತು, ಇದೆಯೇ ಹುಡುಕಿ. ಇದ್ದರೆ ಹಣ ಕೊಡುವ ಪ್ರಶ್ನೆಯಿಲ್ಲ. ಇಲ್ಲದಿದ್ದರೆ ಲಿಖಿತವಾಗಿ ಕೇಳಿ. ಕೇಳುವಾಗ ‘ದತ್ತಾಂಶ ಕೊಡಿ’ ಎಂದಷ್ಟೇ ಬರೆದರೆ ಒಂದು ಎಕ್ಸೆಲ್ ಹಾಳೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಡೇಟಾಬೇಸ್‌ನ ಪೂರ್ಣ ಪ್ರತಿ, ಅದರ ವಿನ್ಯಾಸದ ವಿವರ, ವಿಷಯ ಸಂಕೇತಗಳ ಪಟ್ಟಿ, ಭಾವಚಿತ್ರಗಳು, ಮತ್ತು ಯಾವ ಅಂಕವನ್ನು ಯಾರು ಯಾವಾಗ ತಿದ್ದಿದರೆಂಬ ದಾಖಲೆ, ಎಲ್ಲವನ್ನೂ ಹೆಸರಿಸಿ ಕೇಳಿ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಮರುಮೌಲ್ಯಮಾಪನದ ಬಗ್ಗೆ ವಿದ್ಯಾರ್ಥಿ ನ್ಯಾಯಾಲಯಕ್ಕೆ ಹೋದರೆ ನಿಮ್ಮನ್ನು ಉಳಿಸುವುದು ಅದೊಂದೇ.

ಬಂದದ್ದನ್ನು ಬೇರೆ ಯಂತ್ರದಲ್ಲಿ ತೆರೆದು, ಕೆಲವರ ಅಂಕಗಳನ್ನು ಹಳೆಯ ಕಾಗದದ ಲೆಡ್ಜರ್‌ನೊಂದಿಗೆ ತಾಳೆ ನೋಡಿ. ಅದರಲ್ಲಿ ಮರುಮೌಲ್ಯಮಾಪನವಾದವರೊಬ್ಬರು, ಅನುತ್ತೀರ್ಣರಾಗಿ ಮತ್ತೆ ಬರೆದವರೊಬ್ಬರು, ಮಧ್ಯೆ ವಿಷಯ ಬದಲಿಸಿದವರೊಬ್ಬರು ಇರಲೇಬೇಕು. ತಪ್ಪು ಸಿಗುವುದು ಅಲ್ಲಿ.

ನಿವೃತ್ತ ಸಿಬ್ಬಂದಿ, ಕೆ.ಆರ್. ಪೇಟೆ: ಫಾರ್ವರ್ಡ್ ಆಗಿ ಬಂದದ್ದು, ಉಪಯೋಗವಾಗಬಹುದು: ‘ವೈರಸ್ ಬಂದ ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಕಡತದ ಹೆಸರಿನ ಕೊನೆಯ ಅಕ್ಷರ ಅಳಿಸಿದರೆ ಎಲ್ಲವೂ ತೆರೆಯುತ್ತದೆ.’

ಸಲಹೆಗಾರರು: ಯಾರೂ ಇದನ್ನು ಮಾಡಬೇಡಿ. ಫ್ರೀಜರ್‌ನಿಂದ ತೆಗೆದ ಡಿಸ್ಕಿನ ಮೇಲೆ ತೇವ ಕಟ್ಟಿ ಇದ್ದದ್ದೂ ಹಾಳಾಗುತ್ತದೆ. ಹೆಸರು ಬದಲಿಸಿದರೆ ಕಡತದ ಒಳಗಿನ ಗೂಢಲಿಪಿ ಬದಲಾಗುವುದಿಲ್ಲ. ಕೆಲವು ಹಳೆಯ ರ‍್ಯಾನ್ಸಮ್‌ವೇರ್‌ಗಳ ಕೀಲಿ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಸಿಗುತ್ತದೆ. ಅದು 2016ರಲ್ಲಿ ಯುರೋಪಿನ ಪೊಲೀಸ್ ಸಂಸ್ಥೆಯಾದ ಯೂರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳ ಜೊತೆ ಆರಂಭಿಸಿದ್ದು. ಅದನ್ನು ಬಿಟ್ಟು ‘ಉಚಿತ ಡೀಕ್ರಿಪ್ಟರ್’ (ಬೀಗ ಬಿಡಿಸುವ ತಂತ್ರಾಂಶ) ಎಂದು ಬರುವ ಕೊಂಡಿಗಳನ್ನು ಮುಟ್ಟಬೇಡಿ. ಇನ್ನೊಂದು ದಾಳಿ ಅದರಲ್ಲೇ ಇರಬಹುದು.

ನಿವೃತ್ತ ಸಿಬ್ಬಂದಿ, ಕೆ.ಆರ್. ಪೇಟೆ: ಒಳ್ಳೆಯ ಉದ್ದೇಶದಿಂದ ಹಾಕಿದೆ. ಇಷ್ಟು ಕಟುವಾಗಿ ಹೇಳಬೇಕಿರಲಿಲ್ಲ.

ಕಂಪ್ಯೂಟರ್ ವಿಭಾಗ, ಹುಣಸೂರು ರಸ್ತೆ: ಸರ್, ಐದು ವರ್ಷದ ಐಟಿ ಯೋಜನೆ ಬರೆದುಕೊಡಲು ಪ್ರಾಂಶುಪಾಲರು ಹೇಳಿದ್ದಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಭೇಟಿಗೆ ಬೇಕು. ಮಾದರಿ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.

ಸಲಹೆಗಾರರು: ಮಾದರಿ ಕೊಡುವುದಿಲ್ಲ. ಬೇರೆಯವರ ಕಾಲೇಜಿನ ಹೆಸರು ಅಳಿಸಿ ನಿಮ್ಮದನ್ನು ಬರೆದ ಯೋಜನೆಯಿಂದ ನಿಮ್ಮ ಕಾಲೇಜಿಗೆ ಏನೂ ಆಗದು. ಯಾವುದು ನಿಂತರೆ ಮರುದಿನ ಕಾಲೇಜು ನಡೆಯುವುದಿಲ್ಲ ಎಂಬ ಪಟ್ಟಿಯಿಂದ ಆರಂಭಿಸಿ: ಪ್ರವೇಶ, ಅಂಕ, ಶುಲ್ಕ, ಸಂಬಳ. ಪ್ರತಿಯೊಂದರ ಎದುರು ಒಬ್ಬರ ಹುದ್ದೆ ಬರೆಯಿರಿ. ಒಂದೇ ವರ್ಷ 200 ಕಂಪ್ಯೂಟರ್ ಕೊಂಡರೆ 200ಕ್ಕೂ ಒಟ್ಟಿಗೆ ವಯಸ್ಸಾಗುತ್ತದೆ. ಪ್ರತಿ ವರ್ಷ ಐದನೆಯ ಒಂದು ಪಾಲನ್ನು ಬದಲಿಸುವ ಹಣವನ್ನು ಆಯವ್ಯಯದಲ್ಲಿ ಕಾಯಂ ಮಾಡಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ಪ್ರಯೋಗಾಲಯದಲ್ಲಿ ಅಂಥವು ಎಷ್ಟಿವೆ ಎಣಿಸಿ. ಫೈರ್‌ವಾಲ್ ಪರವಾನಗಿಯ ನವೀಕರಣ, ಯುಪಿಎಸ್ ಬ್ಯಾಟರಿ, ನಿರ್ವಹಣಾ ಒಪ್ಪಂದ, ಇವು ಖರೀದಿಯ ದಿನ ಯಾರಿಗೂ ನೆನಪಿರುವುದಿಲ್ಲ. ಮತ್ತು ಈ ಯೋಜನೆಗೆ ಸಹಿ ಮಾಡಬೇಕಾದವರು ಪ್ರಾಂಶುಪಾಲರು ಮತ್ತು ಲೆಕ್ಕಾಧಿಕಾರಿ. ಕಂಪ್ಯೂಟರ್ ವಿಭಾಗದ ಉಪನ್ಯಾಸಕರ ಹೆಗಲಿಗೆ ಅದನ್ನು ಹೊರಿಸಿ ಉಳಿದವರು ಎದ್ದು ಹೋಗುವ ಪದ್ಧತಿ ನಿಲ್ಲಬೇಕು.

ಕಚೇರಿ ಅಧೀಕ್ಷಕ, ನಂಜನಗೂಡು ರಸ್ತೆ: ಗೂಗಲ್‌ನಲ್ಲಿ ಜಾಗ ತುಂಬಿದೆ ಎನ್ನುತ್ತಿದೆ. ಏನು ಮಾಡಬೇಕು?

ಸಲಹೆಗಾರರು: ಮೇಲೆ ಉತ್ತರಿಸಿದ್ದೇನೆ.

ಉಪನ್ಯಾಸಕ, ಮದ್ದೂರು: ಇಷ್ಟೆಲ್ಲ ಕಂಪನಿಗಳ ಕಾಲು ಹಿಡಿಯುವ ಬದಲು ಅಂತಿಮ ವರ್ಷದ ವಿದ್ಯಾರ್ಥಿಗಳಿಂದಲೇ ತಂತ್ರಾಂಶ ಬರೆಸಬಹುದು. ನಮ್ಮಲ್ಲಿ ಹಾಜರಾತಿಗೆ ಬರೆಸಿದ್ದೇವೆ.

ಲೆಕ್ಕಪತ್ರ ವಿಭಾಗ, ಶ್ರೀರಂಗಪಟ್ಟಣ: ಅವರು ತೇರ್ಗಡೆಯಾಗಿ ಬೆಂಗಳೂರಿಗೆ ಹೋದ ಮೇಲೆ ದೋಷ ಬಂದರೆ ಯಾರನ್ನು ಕರೆಯುತ್ತೀರಿ?

ಉಪನ್ಯಾಸಕ, ಮದ್ದೂರು: ಕಡಿಮೆ ದರ ಕೂಗಿದವರಿಗೆ ಟೆಂಡರ್ ಕೊಟ್ಟು ಕೈಕಟ್ಟಿ ಕೂರುವುದಕ್ಕಿಂತ ವಾಸಿ. ನಿಮ್ಮ ವಿಭಾಗದವರಿಗೆ ದರ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಲೆಕ್ಕಪತ್ರ ವಿಭಾಗ, ಶ್ರೀರಂಗಪಟ್ಟಣ: ಸಾರ್ವಜನಿಕ ಖರೀದಿಯ 1999ರ ಪಾರದರ್ಶಕತೆ ಕಾಯ್ದೆಯನ್ನು ಬರೆದವರು ನಾವಲ್ಲ. ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರ ಬರೆಯುವವರು ನಾವು, ನೀವಲ್ಲ.

ಸಲಹೆಗಾರರು: ಕಾಯ್ದೆ ಯಾರ ಕೈಯನ್ನೂ ಕಟ್ಟಿಲ್ಲ. ಟೆಂಡರ್‌ನ ತಾಂತ್ರಿಕ ಲಕೋಟೆಯಲ್ಲಿ, ಅಂದರೆ ದರಕ್ಕೂ ಮೊದಲು ತೆರೆಯುವ ಭಾಗದಲ್ಲಿ, ಅರ್ಹತೆ ಗಟ್ಟಿಯಾಗಿ ಬರೆಯಿರಿ. ದತ್ತಾಂಶ ಮರಳಿಸುವ ಷರತ್ತನ್ನು ಅಲ್ಲೇ ಸೇರಿಸಿ. ಅರ್ಹರಾದವರ ನಡುವೆ ಮಾತ್ರ ದರ ಹೋಲಿಸುವುದು. ವಿದ್ಯಾರ್ಥಿಗಳಿಂದ ಹಾಜರಾತಿ ಬರೆಸಿ, ಸಂತೋಷ. ಅಂಕಗಳನ್ನು ಅವರ ಕೈಗೆ ಕೊಡಬೇಡಿ.

ಉಪನ್ಯಾಸಕ, ಮದ್ದೂರು: ಹಾಗಾದರೆ ನಮ್ಮ ವಿದ್ಯಾರ್ಥಿಗಳ ಮೇಲೆ ನಮಗೇ ನಂಬಿಕೆಯಿಲ್ಲವೇ?

ಸಲಹೆಗಾರರು: ತನ್ನದೇ ಅಂಕ ಇರುವ ತಂತ್ರಾಂಶವನ್ನು ಯಾರೂ ಬರೆಯಬಾರದು. ಇದು ನಂಬಿಕೆಯ ಪ್ರಶ್ನೆಯೇ ಅಲ್ಲ.

ದಾಖಲೆ ವಿಭಾಗ, ಮೈಸೂರು: ಹಳೆಯ ಕನ್ನಡ ಕಡತಗಳು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿವೆ. ಹುಡುಕಿದರೆ ಹೆಸರು ಸಿಗುವುದಿಲ್ಲ. ಎಲ್ಲ ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್ ಸಂಕೇತಕ್ಕೆ ಬದಲಿಸಿದರೆ ಕೆಲವು ಹೆಸರುಗಳು ಕೆಡುತ್ತಿವೆ.

ಸಲಹೆಗಾರರು: ಒಳ್ಳೆಯ ಪ್ರಶ್ನೆ. ಆ ಕಡತಗಳಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಪರದೆಯ ಮೇಲೆ ಮಾತ್ರ ಕನ್ನಡದ ಆಕಾರ. ಅರ್ಕಾವೊತ್ತು ಅಲ್ಲಿ ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಅದೇ ರಕಾರ ಮೊದಲು ಬರಬೇಕು. ಪರಿವರ್ತಕ ಈ ಸ್ಥಾನಪಲ್ಲಟದಲ್ಲಿ ಎಡವಿದರೆ ಧರ್ಮೇಂದ್ರ, ಪಾರ್ವತಿ, ಸೂರ್ಯ ಮುಂತಾದ ಹೆಸರುಗಳು ಕೆಡುತ್ತವೆ. ಅರ್ಕಾವೊತ್ತು ಇರುವ ಹೆಸರುಗಳನ್ನೆಲ್ಲ ಪ್ರತ್ಯೇಕಿಸಿ ಕಣ್ಣಿನಿಂದಲೇ ಪರಿಶೀಲಿಸಿ. ಮೂಲ ಕಡತವನ್ನು ಅಳಿಸಬೇಡಿ. ಪದವಿ ಪ್ರಮಾಣಪತ್ರದಲ್ಲಿ ಒಂದು ಅಕ್ಷರ ತಪ್ಪಿದರೂ ಪಾಸ್‌ಪೋರ್ಟ್ ಕಚೇರಿಯಲ್ಲಿ ಅಲೆಯುವವರು ಆ ಮಕ್ಕಳು.

ಉಪನ್ಯಾಸಕಿ, ವಿಜಯನಗರ: ಯಾವ ಆಂಟಿವೈರಸ್ ಒಳ್ಳೆಯದು?

ಅತಿಥಿ ಉಪನ್ಯಾಸಕಿ, ಮಳವಳ್ಳಿ: ನನ್ನ ಪ್ರಶ್ನೆಯನ್ನು ಯಾರೂ ನೋಡಿದಂತಿಲ್ಲ. ಹೊಣೆ ಯಾರದು?

ಲೆಕ್ಕಪತ್ರ ವಿಭಾಗ, ಶ್ರೀರಂಗಪಟ್ಟಣ: ಪ್ರತಿ ಬೇಸಿಗೆ ಮಳೆಯ ಸಿಡಿಲಿಗೆ ಎರಡು ಕಟ್ಟಡಗಳ ಸ್ವಿಚ್‌ಗಳು ಸುಡುತ್ತಿವೆ.

ಸಲಹೆಗಾರರು: ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದಿರಬೇಕು. ತೆಗೆದು ಲೋಹವಿಲ್ಲದ ಫೈಬರ್ ಹಾಕಿ. ಭೂಸಂಪರ್ಕ ಅಳೆಸಿ.

ನಿವೃತ್ತ ಸಿಬ್ಬಂದಿ, ಕೆ.ಆರ್. ಪೇಟೆ: ರೂಟರ್ ಹಿಂದೆ ಅಲ್ಯೂಮಿನಿಯಂ ಹಾಳೆ ಇಟ್ಟರೆ ಸಿಡಿಲು ತಾಗುವುದಿಲ್ಲ ಎಂದು ಒಂದು ವೀಡಿಯೊ…

ಸಲಹೆಗಾರರು: ನಿರ್ವಾಹಕರೇ, ಇದನ್ನು ಅಳಿಸಿ. ಇದನ್ನು ನಂಬಿ ಮಳೆಯಲ್ಲಿ ಯಾರಾದರೂ ಉಪಕರಣ ಮುಟ್ಟಿದರೆ ಪ್ರಾಣ ಹೋದೀತು.

ಗುಂಪಿನ ನಿರ್ವಾಹಕರು: ಅಳಿಸಿದ್ದೇನೆ. ಎರಡನೆಯ ಬಾರಿ ಹೇಳುತ್ತಿದ್ದೇನೆ, ಮೂರನೆಯ ಬಾರಿ ಹೇಳುವುದಿಲ್ಲ.

ಪರೀಕ್ಷಾ ವಿಭಾಗ, ಮಂಡ್ಯ: ಸರ್, ಡಿಸ್ಕ್ ನೋಡಿದೆವು. ಅದು ಸದಾ ಸಿಕ್ಕಿಸಿಯೇ ಇರುತ್ತಿತ್ತು. ಅದರಲ್ಲೂ ಕಡತಗಳ ಹೆಸರಿನ ಕೊನೆಗೆ ಅದೇ ಅಕ್ಷರಗಳು. 2018ರಿಂದೀಚಿನ ಆಂತರಿಕ ಅಂಕಗಳೆಲ್ಲ ಅದರಲ್ಲಿದ್ದವು. ಡಿಜಿಲಾಕರ್‌ಗೆ ಕಳುಹಿಸಿದ್ದು ಇದೆಯಲ್ಲ, ಅಷ್ಟು ಸಾಕಾಗದೇ?

ಸಲಹೆಗಾರರು: ಸಾಲದು. ಅಲ್ಲಿರುವುದು ನೀವು ಕಳುಹಿಸಿದ ಅಂತಿಮ ಅಂಕಪಟ್ಟಿ ಮಾತ್ರ. ಆಂತರಿಕ ಅಂಕ, ತಿದ್ದುಪಡಿ ಯಾವುದೂ ಇರುವುದಿಲ್ಲ. ಡಿಸ್ಕನ್ನು ತೆಗೆದು, ಮೇಲೆ ದಿನಾಂಕ ಬರೆದು, ಬೀರುವಿನಲ್ಲಿಡಿ. ಫಾರ್ಮ್ಯಾಟ್ ಮಾಡಬೇಡಿ, ಮತ್ತೆ ಯಾವುದಕ್ಕೂ ಸಿಕ್ಕಿಸಬೇಡಿ. ಕಚೇರಿಯ ಜಾಲವನ್ನು ಈಗಲೇ ಬೇರ್ಪಡಿಸಿ. ಪ್ರಾಂಶುಪಾಲರಿಗೆ ಭಾನುವಾರವೆಂದು ಕಾಯದೆ ಫೋನ್ ಮಾಡಿ. ಗಮನಕ್ಕೆ ಬಂದ ಆರು ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸೈಬರ್ ತುರ್ತು ತಂಡವಾದ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬುದು 2022ರ ಏಪ್ರಿಲ್ 28ರ ನಿರ್ದೇಶನ. ಈಗಾಗಲೇ ತಡವಾಗಿದೆ, ಇನ್ನಷ್ಟು ತಡ ಮಾಡಬೇಡಿ. ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಪೊಲೀಸ್ ಠಾಣೆಗೂ ದೂರು ಕೊಡಿ.

ಆ ಕಂಪ್ಯೂಟರ್‌ನಿಂದ ಕಂಪನಿಯ ತಂತ್ರಾಂಶಕ್ಕೆ ಪ್ರವೇಶಿಸುತ್ತಿದ್ದಿರಾ? ಪಾಸ್‌ವರ್ಡ್ ಬ್ರೌಸರ್‌ನಲ್ಲಿ ಉಳಿಸಿದ್ದಿರಾ?

ಪರೀಕ್ಷಾ ವಿಭಾಗ, ಮಂಡ್ಯ: ಹೌದು. ನಾಲ್ವರೂ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದೆವು.

ಸಲಹೆಗಾರರು: ಹಾಗಿದ್ದರೆ ಅದು ಕಳ್ಳರ ಕೈಯಲ್ಲಿದೆ ಎಂದೇ ತಿಳಿಯಿರಿ. ಈಗ ಕಂಪನಿಯ ಸರ್ವರ್‌ನಲ್ಲಿರುವುದೇ ನಿಮ್ಮ ಅಂಕಗಳ ಉಳಿದಿರುವ ಏಕೈಕ ಪೂರ್ಣ ಪ್ರತಿ. ಅವರಿಗೆ ಫೋನ್ ಮಾಡಿ ನಡೆದದ್ದನ್ನು ಮುಚ್ಚಿಡದೆ ಹೇಳಿ, ನಿಮ್ಮ ಎಲ್ಲ ಖಾತೆಗಳನ್ನು ತಡೆಹಿಡಿಸಿ, ಇಂದು ರಾತ್ರಿಯೇ ಒಂದು ಪ್ರತಿ ತೆಗೆದು ಪ್ರತ್ಯೇಕವಾಗಿಡಲು ಕೇಳಿಕೊಳ್ಳಿ. ಹಣದ ವಾದ ನಾಳೆಗಿರಲಿ. ನಿಮ್ಮ ಪ್ರಾಂಶುಪಾಲರು ನನ್ನೊಂದಿಗೆ ಮಾತನಾಡಲಿ, ನನ್ನ ಸಂಖ್ಯೆಯನ್ನು ನಿರ್ವಾಹಕರು ನಿಮಗೆ ಖಾಸಗಿಯಾಗಿ ಕೊಡುತ್ತಾರೆ. ಉಳಿದ ಪ್ರಶ್ನೆಗಳಿಗೆ ಇಂದು ಉತ್ತರಿಸಲಾಗುವುದಿಲ್ಲ.